ಅಕ್ಕ ಏರಿಸಿದ ನೀಲಿ

ಬಣ್ಣಕ್ಕೆ ಬೆರೆಸುವ ಥಿನ್ನರ್ ವಾಸನೆ ಎಲ್ಲರಿಗೂ ಹಿಡಿಸುವುದಿಲ್ಲ. ನನಗೆ ಮಾತ್ರ ಅದು ಮೂಗಿಗೆ ಬಡಿದರೆ ನಗು ಬರುತ್ತದೆ. ಇವತ್ತು ಬೆಳಿಗ್ಗೆ ಕಾರಿನ ಬಾಗಿಲನ್ನು ನಮ್ಮ ಗೇಟಿನ ಕಲ್ಲುಕಂಬಕ್ಕೆ ಒರಸಿದವಳು ನಾನೇ. ಮಗ ಸಂಜೆ ಬಂದು ನೋಡಿದರೆ, "ಅಮ್ಮಾ, ಈ ವಯಸ್ಸಲ್ಲಿ ವಂಡಿ ಓಡ್ಸಿದ್ದು ಸಾಕು" ಎನ್ನುತ್ತಾನೆ. ಅದಕ್ಕೇ ಅಂಗಳದಲ್ಲಿ ಕೂತು ಕಳ್ಳಿಯ ಹಾಗೆ ಬಣ್ಣ ಕಲಸಿ ಬಳಿದು, ಒಣಗಲೆಂದು ಕಾಯುತ್ತಿದ್ದೇನೆ. ಅಲ್ಲಿಯವರೆಗೆ ನೀವೂ ಕೂತಿರಿ, ನಮ್ಮ ಅಕ್ಕನ ಸಂಗತಿ ಹೇಳುತ್ತೇನೆ.

ಎಂಬತ್ತರ ದಶಕದ ಮಾತು. ತಿರುಪ್ಪೂರಿನ ಅಂಚಿನ ಇದೇ ಮನೆಯ ಹಿಂದೆ ನಮ್ಮದೊಂದು ಸಾಯಪಟ್ಟರೆ ಇತ್ತು, ಅಂದರೆ ನೂಲಿಗೆ ಬಣ್ಣ ಹಾಕುವ ಶೆಡ್ಡು; ಸಾಯವೆಂದರೆ ಬಣ್ಣ. ಮನೆಯೊಳಗೆ ಕನ್ನಡ, ಗೇಟು ದಾಟಿದರೆ ತಮಿಳು, ಸಿಟ್ಟು ಬಂದಾಗ ಎರಡೂ. ಬಣ್ಣ ಹೊಂದಿಸುವುದರಲ್ಲಿ ಅಪ್ಪನ ಕಣ್ಣಿಗೆ ಸಮನಾದದ್ದು ಅಕ್ಕನ ಕಣ್ಣೊಂದೇ. ಗಿರಾಕಿ ತಂದ ಬಟ್ಟೆ ಚೂರನ್ನು ಒಮ್ಮೆ ಬಿಸಿಲಿಗೆ ಹಿಡಿದರೆ ಸಾಕು, ತೊಟ್ಟಿಗೆ ಏನು ಎಷ್ಟು ಬೀಳಬೇಕೆಂದು ಹೇಳಿಬಿಡುತ್ತಿದ್ದಳು. ನನಗೆ ಆ ಕಣ್ಣು ಬರಲೇ ಇಲ್ಲ. ಎರಡೂ ಕಾಲಿಗೆ ಒಂದೇ ಜೊತೆಯ ಚಪ್ಪಲಿ ಹಾಕಿಕೊಂಡು ನಾನು ಕಾಲೇಜಿಗೆ ಹೊರಟರೆ ಮನೆಯವರಿಗೆ ಅದೇ ಸಮಾಧಾನ.

ಅಪ್ಪನದೊಂದು ತಿಳಿನೀಲಿ ಅಂಬಾಸಿಡರ್ ಇತ್ತು. ಅದರ ಡ್ರೈವರು ಕೆಲಸ ಬಿಟ್ಟು ಹೋದ ಮೇಲೆ ಅಕ್ಕ ಹಟ ಹಿಡಿದು ಓಡಿಸಲು ಕಲಿತಳು. ಅಲ್ಲಿಯವರೆಗೆ ಶೆಡ್ಡು ಬಿಟ್ಟರೆ ಅಡಿಗೆಮನೆ ಎಂದಿದ್ದವಳು ಸೂಲೂರು, ಕೊಯಮತ್ತೂರು ಎಂದು ತಾನೇ ಗಿರಾಕಿಗಳನ್ನು ಕಂಡು ಬರತೊಡಗಿದಳು. ಸ್ಟಿಯರಿಂಗ್ ಹಿಡಿದಾಗ ಅವಳ ಮುಖ ನೋಡುವುದೇ ನನಗೊಂದು ಸಂತೋಷ. ಆದರೆ ಅಪ್ಪ ಮೊದಲ ದಿನವೇ ಹೇಳಿದ್ದರು: "ಒಂದೇ ಒಂದು ಗೀರು ಬಿದ್ರೂ ಕೀ ವಾಪಸ್ ಕೊಟ್ಬುಡು. ಆಮೇಲೆ ಅಳಬ್ಯಾಡ."

ಅಪ್ಪ ಬೊಂಬಾಯಿಗೆ ಹೋಗಿದ್ದ ವಾರವೇ, ಗೇಟಿನೊಳಗೆ ತಿರುಗಿಸುವಾಗ ಎಡಬಾಗಿಲು ಕಲ್ಲಿಗೆ ಒರಸಿತು. ಇಳಿದು ನೋಡಿದ ಅಕ್ಕ ಬಿಳಿಚಿಕೊಂಡಳು. ಅಮ್ಮ ಹೊರಗೆ ಇಣುಕಿ, "ನಾ ಏನೂ ನೋಡ್ಲಿಲ್ಲ" ಎಂದು ಒಳಗೆ ಹೋದಳು.

ಅಕ್ಕ ಬೇಗ ಸುಧಾರಿಸಿಕೊಂಡಳು. "ಹುಟ್ಟಿದಾಗಿಂದ ಸಾಯದ ತೊಟ್ಟಿ ಪಕ್ಕದಾಗೇ ಬೆಳ್ದಿದೀವಿ. ಒಂದು ನೀಲಿ ಹೊಂದ್ಸೋಕೆ ನಮ್ಗೆ ಯಾರಾದ್ರೂ ಹೇಳ್ಕೊಡ್ಬೇಕಾ?"

ಪಂಕ್ಚರ್ ಅಂಗಡಿಯಿಂದ ಕಂಪ್ರೆಸರ್ ಬಂತು, ಎಲ್ಲಿಂದಲೋ ಸ್ಪ್ರೇ ಗನ್ ಬಂತು. ಬಾಗಿಲು ಗುಳಿ ಬಿದ್ದಲ್ಲಿ ಪುಟ್ಟಿ ಮೆತ್ತಿ, ನೀರು ಹಾಕಿ ಉಪ್ಪುಕಾಗದದಲ್ಲಿ, ಅಂದರೆ ಮರಳುಕಾಗದದಲ್ಲಿ, ತಿಕ್ಕಿದ್ದು ನಾನು. ಅಕ್ಕ ಬಿಳಿ ಬಣ್ಣಕ್ಕೆ ನೀಲಿ ಸೇರಿಸುತ್ತ ಹೋದಳು. ಒಂದು ಹಂತದಲ್ಲಿ ಕಲಸಿದ್ದಕ್ಕೂ ಕಾರಿಗೂ ವ್ಯತ್ಯಾಸವೇ ಕಾಣಲಿಲ್ಲ. "ಸಾಕು ಅಕ್ಕಾ" ಎಂದೆ.

"ನಿಂಗೇನ್ ಗೊತ್ತು? ಒದ್ದೆ ಇದ್ದಾಗ ಶರಿ ಇದ್ರೆ ಒಣಗಿದ್ಮ್ಯಾಲೆ ಇಳ್ದೋಗ್ತದೆ" ಎಂದು ಅವಳು ಇನ್ನಷ್ಟು ನೀಲಿ ಸುರಿದು ಬಾಗಿಲಿಗೆ ಹೊಡೆದಳು.

ನೂಲಿನ ಮಟ್ಟಿಗೆ ಅದು ಸತ್ಯ. ತೊಟ್ಟಿಯಿಂದ ಎತ್ತಿದ ನೂಲು ಗಾಢವಾಗಿರುತ್ತದೆ, ಒಣಗಿದಾಗ ತಿಳಿಯಾಗುತ್ತದೆ. ಅದಕ್ಕೇ ನಮ್ಮವರು ಯಾವಾಗಲೂ ಒಂದು ಕೈ ಏರಿಸಿಯೇ ತೆಗೆಯುವುದು. ಕಾರಿನ ಬಣ್ಣಕ್ಕೆ ಈ ವಿಷಯವನ್ನು ಯಾರೂ ತಿಳಿಸಿರಲಿಲ್ಲ. ಅದು ಒಣಗುತ್ತ ಒಣಗುತ್ತ ಇನ್ನೂ ಗಾಢವಾಯಿತು. ಊಟ ಮುಗಿಸಿ ಬಂದು ನೋಡಿದರೆ, ಬೇರೆ ಯಾರದೋ ಕಾರಿನ ಬಾಗಿಲನ್ನು ತಂದು ನಮ್ಮ ಕಾರಿಗೆ ಸಿಕ್ಕಿಸಿದಂತಿತ್ತು.

ನನಗೆ ಅಳುವೇ ಬಂತು. ಅಕ್ಕ ಕಾರನ್ನು ಒಂದು ಸುತ್ತು ಬಂದಳು.

"ಒಂದು ಕಟ್ಟು ನೂಲು ಜಾಸ್ತಿ ಏರ್ಬುಟ್ರೆ ಏನ್ ಮಾಡ್ತೀವಿ?"

"ಮಿಕ್ಕಿದ್ದನ್ನೂ ತಿರುಗಿ ತೊಟ್ಟಿಗೆ ಹಾಕಿ ಏರಿಸ್ತೀವಿ" ಎಂದೆ. ನಾನು ಹೇಳಿದ್ದೇನೆಂಬುದು ಹೇಳಿದ ಮೇಲೆ ನನಗೇ ಹೊಳೆಯಿತು.

"ಅಷ್ಟೇ ತಾನೆ? ಉಪ್ಪುಕಾಗ್ದ ಎತ್ಕೊ."

ಅಪ್ಪ ಬರುವ ಹೊತ್ತಿಗೆ ಇಡೀ ಕಾರು ಬಾಗಿಲಿನ ಬಣ್ಣಕ್ಕೆ ತಿರುಗಿತ್ತು. ನನ್ನ ಉಗುರುಗಳೂ ತಿರುಗಿದ್ದವು.

ಸ್ಟೇಷನ್ನಿನಿಂದ ಹೊರಬಂದ ಅಪ್ಪ ನಮ್ಮ ಕಾರಿನ ಮುಂದೆಯೇ ಹಾದು, ರಸ್ತೆಯ ಆ ತುದಿಯವರೆಗೆ ಹೋಗಿ ತಿಳಿನೀಲಿ ಕಾರನ್ನು ಹುಡುಕಿದರು. "ಅಪ್ಪಾ, ಇಲ್ಲಿ" ಎಂದು ಅಕ್ಕ ಕರೆದಳು. ಅಪ್ಪ ಕಾರನ್ನು ನೋಡಿದರು, ನಂಬರನ್ನು ನೋಡಿದರು, ಅಕ್ಕನನ್ನು ನೋಡಿದರು.

"ಬಣ್ಣ ಹಳೇದಾಗಿತ್ತಲ್ಲಪ್ಪ" ಎಂದಳು ಅಕ್ಕ.

ಅಪ್ಪ ಹತ್ತಿ ಕೂತರು. ಅಕ್ಕನ ಕೈಯಲ್ಲಿ ಆ ಕೀ ಇನ್ನೆಷ್ಟು ಹೊತ್ತೋ ಎಂದು ಹಿಂದೆ ಕೂತ ನಾನು ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಿದ್ದೆ.

ಗೇಟಿನ ಹತ್ತಿರ ಅಪ್ಪ "ನಿಲ್ಸು" ಎಂದರು. ಇಳಿದು ಹೋಗಿ ಕಲ್ಲುಕಂಬದ ಮುಂದೆ ನಿಂತರು. ಕಲ್ಲಿನ ಮೇಲೆ ಸೊಂಟದೆತ್ತರಕ್ಕೆ ನಮ್ಮ ಹಳೆಯ ತಿಳಿನೀಲಿ ಉದ್ದಕ್ಕೆ ಬಳಿದುಕೊಂಡಿತ್ತು. ಕಾರನ್ನೆಲ್ಲ ತಿಕ್ಕಿದ ನಾವಿಬ್ಬರೂ ಕಲ್ಲಿನ ಕಡೆ ತಿರುಗಿ ನೋಡಿರಲಿಲ್ಲ.

ಅಕ್ಕ ಎಂಜಿನ್ ನಿಲ್ಲಿಸಿದಳು. ಕೀ ತೆಗೆದು, ಕಿಟಕಿಯಿಂದ ಕೈ ಚಾಚಿ ಅಪ್ಪನತ್ತ ಹಿಡಿದಳು.

ಅಪ್ಪ ಕೀ ಮುಟ್ಟಲಿಲ್ಲ. "ಈ ಕಲ್ಲಿಗೂ ಒಂದು ಕೈ ಹೊಡ್ದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲವಲ್ಲಮ್ಮ" ಎಂದರು. ಆಮೇಲೆ ಗೇಟನ್ನು ಪೂರ್ತಿ ತೆಗೆದು, ಪಕ್ಕದಲ್ಲಿ ನಿಂತು, "ಬಾ, ಬಾ, ಇನ್ನೂ ಬಲಕ್ಕೆ" ಎಂದು ಕೈ ಬೀಸಿ ಕಾರನ್ನು ಒಳಗೆ ಕರೆದರು.

ಮುಂದೆ ನನಗೆ ಕಾರು ಕಲಿಸಿದವಳು ಅಕ್ಕನೇ. ಗೇಟಿನಲ್ಲಿ ನಿಂತು ಕೈ ಬೀಸಿದವರು ಅಪ್ಪ.

ನೋಡಿ, ಹೇಳುತ್ತ ಹೇಳುತ್ತ ಬಾಗಿಲು ಒಣಗಿದೆ. ಬಣ್ಣ ಒಂದು ಕೈ ಏರಿಯೇ ಇದೆ. ಅಕ್ಕನ ತಂಗಿಯಲ್ಲವೇ, ಒದ್ದೆಯಲ್ಲಿ ಸರಿಯಾಗಿದ್ದರೂ ಕೈ ತಡೆಯಲಿಲ್ಲ. ಇರಲಿ. ಡಬ್ಬಿಗೆ ಮುಚ್ಚಳ ಹಾಕಿದೆ. ಸಂಜೆ ಮಗ ಬರಲಿ, ಬಾಗಿಲನ್ನೂ ಕಲ್ಲನ್ನೂ ನಾನೇ ತೋರಿಸುತ್ತೇನೆ. ಆಮೇಲೆ ಗೇಟು ಪೂರ್ತಿ ತೆಗೆದು, ಪಕ್ಕದಲ್ಲಿ ನಿಂತು ಕೈ ಬೀಸು ಎಂದು ಅವನಿಗೆ ಹೇಳುತ್ತೇನೆ.