ಮಂತ್ರಾಕ್ಷತೆ ಬಿದ್ದ ಕಂಪ್ಯೂಟರ್

ಅಣ್ಣಾ ನಗರ್‌ನ ಅಂಬುಜಾ ಮಿಸ್ ಹತ್ತಿರ ಕಂಪ್ಯೂಟರ್ ಕಲಿಯಲು ಹೋದವರಿಗೆ ಮೊದಲ ದಿನ ಕೀಬೋರ್ಡ್ ಮುಟ್ಟುವ ಭಾಗ್ಯ ಇರುತ್ತಿರಲಿಲ್ಲ. ಕೈಗೆ ಸ್ಕ್ರೂಡ್ರೈವರ್ ಕೊಟ್ಟು, ಡಬ್ಬಿ ಬಿಚ್ಚಿಸಿ, ಒಳಗಿರುವುದನ್ನೆಲ್ಲ ಹೆಸರು ಹಿಡಿದು ಹೇಳಿಸಿದ ಮೇಲೆಯೇ ಮುಂದಿನ ಪಾಠ. ಮೇನ್ ರೋಡಿನ ಎ.ಸಿ. ಸೆಂಟರುಗಳಲ್ಲಿ ಮೊದಲ ದಿನವೇ ಬಣ್ಣಬಣ್ಣದ ಚಿತ್ರ ಬಿಡಿಸಲು ಕಲಿಸುತ್ತಿದ್ದರು. ಇಲ್ಲಿ ಮೊದಲ ದಿನ ಧೂಳು ಒರೆಸಬೇಕು. ಆದರೂ ಮಕ್ಕಳು ಇಲ್ಲಿಗೇ ಬರುತ್ತಿದ್ದರು. ಈ ಪದ್ಧತಿ ಯಾವ ಪುಸ್ತಕದಿಂದಲೂ ಬಂದದ್ದಲ್ಲ. ಅವಳ ಅತ್ತೆಯ ಭಕ್ತಿಯಿಂದ ಹುಟ್ಟಿದ್ದು ಎಂದರೆ ನೀವು ನಂಬಬೇಕು.

ಅಂಬುಜಾಳ ಗಂಡನ ಮನೆಯವರು ತಲೆಮಾರುಗಳಿಂದ ಮದ್ರಾಸಿನವರೇ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು, ಕೋಪ ಬಂದರೆ ಎರಡೂ. ಗಂಡ ಸಂಜೀವ ಎಣ್ಣೂರಿನ ವಿದ್ಯುತ್ ಸ್ಥಾವರದಲ್ಲಿ ಪಾಳಿ ಕೆಲಸದವನು. ಒಳ್ಳೆಯವನೇ, ಆದರೆ ಅಣ್ಣನ ಎದುರು ಬಾಯಿ ಬಿಡುವವನಲ್ಲ. ಅಂಬುಜಾ ಮದುವೆಗೆ ಮುಂಚಿನಿಂದಲೂ ಒಂದು ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿಸುತ್ತಿದ್ದಳು. ಲೋಯರ್, ಹೈಯರ್ ಎಂದು ಅದೆಷ್ಟು ಹುಡುಗಿಯರನ್ನು ಪಾಸು ಮಾಡಿಸಿ ಕಚೇರಿಗಳಿಗೆ ಕಳಿಸಿದ್ದಳೋ. ಅಷ್ಟರಲ್ಲಿ ಕಂಪ್ಯೂಟರ್ ಬಂತು, ಇನ್‌ಸ್ಟಿಟ್ಯೂಟು ಬಿಕೋ ಎಂದಿತು. ಯಜಮಾನರು ಮೆಷಿನ್ನುಗಳನ್ನೆಲ್ಲ ಹಳೇ ಕಬ್ಬಿಣಕ್ಕೆ ಹಾಕಿ ಬಾಗಿಲು ಮುಚ್ಚಿದರು. ಅವುಗಳನ್ನು ವ್ಯಾನಿಗೆ ತುಂಬುವಾಗ ಅಂಬುಜಾ ಅಲ್ಲೇ ನಿಂತು ಅತ್ತಳು. ಮನೆಗೆ ಬಂದು ಮುಖ ತೊಳೆದುಕೊಂಡವಳು, ನನ್ನ ಅನ್ನ ಕಸಿದದ್ದು ಯಾವುದೋ ಅದನ್ನೇ ಕಲಿತು ಅದರಿಂದಲೇ ಅನ್ನ ತೆಗೆಯುತ್ತೇನೆ ಎಂದು ನಿಶ್ಚಯ ಮಾಡಿದಳು. ಸಂಜೆ ಕ್ಲಾಸಿಗೆ ಸೇರಿ ಕಲಿತಳು. ಎಲೆಕ್ಟ್ರಾನಿಕ್ಸ್ ಅಂಗಡಿಗಳ ರಿಚಿ ಸ್ಟ್ರೀಟಿಗೆ ಹೋಗಿ, ಅಂಗಡಿಯವನೊಬ್ಬ ಜೋಡಿಸಿ ಸೀಲ್ ಹಾಕಿಕೊಟ್ಟ ಕಂಪ್ಯೂಟರನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಳು.

ಕಂಪ್ಯೂಟರ್ ಬಂತು, ಜಾಗ ಬೇಕಲ್ಲ. ಇದ್ದದ್ದು ಬೀದಿ ಕಡೆಯ ಕೋಣೆ ಒಂದೇ. ಆ ಕೋಣೆಯ ಮೇಲೆ ಭಾವ ತಿರುಮಲರ ಕಣ್ಣು ಮೊದಲೇ ಬಿದ್ದಿತ್ತು. ಮಹಡಿಯ ಮೇಲೆ ವಾಸವಾಗಿದ್ದ ಅವರೇ ಮನೆಗೆ ಹಿರಿಯರು, ಅವರ ಮಾತೇ ಕಡೆಯ ಮಾತು. ಮೆಡಿಕಲ್ ಶಾಪ್ ಇಡುವವನೊಬ್ಬ ವಿಜಯದಶಮಿಯ ದಿನ ಅಡ್ವಾನ್ಸ್ ಕೊಡಲು ತುದಿಗಾಲಲ್ಲಿ ನಿಂತಿದ್ದ. ಅಂಬುಜಾ ಪಟ್ಟು ಬಿಡಲಿಲ್ಲ. ಕೊನೆಗೆ ತಿರುಮಲ ಒಂದು ಗಡುವು ಹಾಕಿದರು.

"ವಿಜಯದಶಮಿ ದಿನ, ರಾಹುಕಾಲಕ್ಕೆ ಮುಂಚೆ ನಿನ್ನ ಕ್ಲಾಸು ಶುರುವಾಗ್ಬೇಕಮ್ಮಾ. ಶುರುವಾದ್ರೆ ಕೋಣೆ ನಿಂದು. ಇಲ್ಲಾಂದ್ರೆ ಮೆಡಿಕಲ್ ಶಾಪಿಗೆ. ಅಪ್ಪುರಂ, ಎಲ್ಲ ಆದ್ಮೇಲೆ, ನನ್ನ ಹತ್ರ ಬಂದು ಅಳಬಾರದು."

"ಅಳೋದೆಲ್ಲ ಆಗಿದೆ ಭಾವ" ಎಂದಳು ಅಂಬುಜಾ.

ಇದು ೨೦೦೧ರ ಮಾತು. ಆ ವರ್ಷ ವಿಜಯದಶಮಿ ಶುಕ್ರವಾರ ಬಿದ್ದಿತ್ತು. ಶುಕ್ರವಾರದ ರಾಹುಕಾಲ ಹತ್ತೂವರೆಗೇ ಹಿಡಿಯುತ್ತದೆ.

ಹಿಂದಿನ ದಿನ ಆಯುಧಪೂಜೆ. ಅತ್ತೆ ಜಾನಕಮ್ಮನವರಿಗೆ ಈ ಸೊಸೆಯೆಂದರೆ ಪ್ರಾಣ. ಈಳಿಗೆಮಣೆ, ಹೊಲಿಗೆ ಮೆಷಿನ್, ಕತ್ತರಿ, ಸ್ಕ್ರೂಡ್ರೈವರ್, ಸಂಜೀವನ ಸೈಕಲ್ಲು, ಇವೆಲ್ಲದರ ನಡುವೆ ಕಂಪ್ಯೂಟರಿಗೆ ಮೊದಲ ಮಣೆ ಹಾಕಿ, ಗಂಧ ಹಚ್ಚಿ, ಹೂ ಮುಡಿಸಿ, ಪೊರಿ ಕಡಲೆ ನೈವೇದ್ಯ ಮಾಡಿದರು. ಪೂಜೆಗಿಟ್ಟ ಆಯುಧಗಳನ್ನು ಮರುದಿನ ಬೆಳಿಗ್ಗೆ ಪುನಃಪೂಜೆ ಆಗುವ ತನಕ ಮುಟ್ಟಬಾರದು. ಒಂದು ಸಲ ಆನ್ ಮಾಡಿ ನೋಡಿಬಿಡಲೇ ಎಂದು ಅಂಬುಜಾಳ ಕೈ ತುರಿಸುತ್ತಿತ್ತು. ಜಾನಕಮ್ಮ ಕಣ್ಣಲ್ಲೇ ಗದರಿದರು.

ಬೆಳಿಗ್ಗೆ ಸಂಜೀವ ಮೊದಲ ಪಾಳಿಗೆ ಹೊರಟುಹೋದ. ಪುನಃಪೂಜೆ ಮುಗಿಯಿತು. ತಟ್ಟೆಯಲ್ಲಿ ಹಣ್ಣು ವೀಳ್ಯದೆಲೆ ಹಿಡಿದು ತಾಯಂದಿರು ಮಕ್ಕಳನ್ನು ಕ್ಲಾಸಿಗೆ ಬಿಟ್ಟುಹೋದರು. ತಿರುಮಲ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಪೇಪರ್ ಬಿಡಿಸಿದರು, ಓದಲು ಅಲ್ಲವೆಂದು ಬೇರೆ ಹೇಳಬೇಕಿಲ್ಲ. ಅಂಬುಜಾ ದೇವರನ್ನು ನೆನೆದು ಸ್ವಿಚ್ ಒತ್ತಿದಳು.

ಪರದೆ ಕಪ್ಪಗೇ ಉಳಿಯಿತು. ಒಳಗಿನಿಂದ ಕೀಂ, ಕೀಂ ಎಂದು ಬಿಟ್ಟು ಬಿಟ್ಟು ಕೂಗತೊಡಗಿತು. ಆರಿಸಿ ಮತ್ತೆ ಹಾಕಿದಳು. ಅದೇ ಕೂಗು. ಅಂಗಡಿಯವನಿಗೆ ಫೋನ್ ಮಾಡಿದರೆ ಅವನ ಹಿಂದೆ ಗಂಟೆ ಜಾಗಟೆಯ ಸದ್ದು.

"ಪೂಜೆ ಮುಗಿಸ್ಕೊಂಡು ಮಧ್ಯಾಹ್ನ ವರೇನ್ ಮೇಡಂ. ಸೀಲ್ ಮಾತ್ರ ಕೀಳಬೇಡಿ, ಕಿತ್ತರೆ ವಾರಂಟಿ ಪೋಯಿಡುಂ!"

ಫೋನ್ ಇಟ್ಟು ತಿರುಗಿದರೆ ಹಿಂದೆ ಜಾನಕಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು.

"ಅಂಬುಜಾ, ನಾನೇ ಕಣೇ. ಮೇಲೆ ಹಾಕಿದ್ರೆ ಜಾರಿ ಬೀಳ್ತದೆ, ಒಳಗಿದ್ರೆ ರಾಯರು ಕಾಯ್ತಾರೆ ಅಂತ, ಹಿಂದ್ಗಡೆ ಜಾಲರಿ ಇದೆಯಲ್ಲ, ನಿನ್ನೆ ಪೂಜೇಲಿ ಅದರೊಳಗೆ ಮಂತ್ರಾಕ್ಷತೆ ಹಾಕಿದೆ."

"ಎಷ್ಟು ಅತ್ತೆ?"

"ಒಂದು ಹಿಡಿ." ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, "ಆಮೇಲೆ ಒಂದು ಉದ್ಧರಣೆ ತೀರ್ಥಾನೂ" ಎಂದರು.

ಅತಿಯಾದರೆ ಅಮೃತವೂ ವಿಷ ಎನ್ನುತ್ತಾರೆ. ಅಂಬುಜಾಳಿಗೆ ಸಿಟ್ಟು ನೆತ್ತಿಗೇರಿತು. ಅತ್ತೆಯ ಮುಖ ನೋಡಿದಳು, ಸಿಟ್ಟು ಇಳಿಯಿತು, ಹೆದರಿಕೆ ಉಳಿಯಿತು. ಅವಳು ಆ ಡಬ್ಬಿಯ ಒಳಗನ್ನು ಕಣ್ಣಾರೆ ಕಂಡವಳೇ ಅಲ್ಲ. ಕ್ಲಾಸಿನಲ್ಲಿ ಒಳಗಿನ ಭಾಗಗಳ ಚಿತ್ರ ತೋರಿಸಿ ಹೆಸರು ಬಾಯಿಪಾಠ ಮಾಡಿಸಿದ್ದರು, ಅಷ್ಟೇ. ಮಧ್ಯಾಹ್ನದ ತನಕ ಕಾದರೆ ಕೋಣೆ ಹೋಗುತ್ತದೆ. ಬಿಚ್ಚಿ ಹಾಳು ಮಾಡಿದರೆ ಕೋಣೆಯ ಜೊತೆಗೆ ಕಂಪ್ಯೂಟರೂ ಹೋಗುತ್ತದೆ.

ಆಗ ಅವಳಿಗೆ ನೆನಪಾದದ್ದು ಟೈಪ್ ಮೆಷಿನ್. ಪ್ರತಿ ತಿಂಗಳು ಅವುಗಳನ್ನು ಬಿಚ್ಚಿ ಒರೆಸುತ್ತಿದ್ದವಳು ಅವಳೇ. ಒಂದು ಸಲಕ್ಕೆ ಒಂದೇ ಭಾಗ, ಬಿಚ್ಚಿದ ಕ್ರಮದಲ್ಲೇ ಬಟ್ಟೆಯ ಮೇಲೆ ಸಾಲು, ಕೊನೆಯಲ್ಲಿ ತೆಗೆದದ್ದು ಮೊದಲು ಒಳಗೆ. ಯಾವ ಯಂತ್ರವಾದರೂ ಒಬ್ಬ ಮನುಷ್ಯ ಜೋಡಿಸಿದ್ದೇ ತಾನೇ?

ಅವಳು ಪ್ಲಗ್ ಕಿತ್ತಳು. ಚಾಪೆಯ ಮೇಲೆ ಹಳೇ ಪಂಚೆ ಹಾಸಿ ಡಬ್ಬಿಯನ್ನು ಮಲಗಿಸಿದಳು. ಉಗುರಿನಿಂದ ಸೀಲನ್ನು ಸರಕ್ಕೆಂದು ಹರಿದಳು.

"ಗಣಪತಿ ಮಾಡಕ್ಕೆ ಹೋಗಿ ಅವರಪ್ಪನ್ನ ಮಾಡಿಬಿಡ್ಬೇಡಮ್ಮಾ" ಎಂದರು ತಿರುಮಲ ಪೇಪರಿನ ಹಿಂದಿನಿಂದ.

"ಮಿಸ್, ಕ್ಲಾಸ್ ಇಲ್ಲಯಾ?" ಎಂದು ಕೇಳಿದಳು ಮಾನ್ಯಾ. ಹಿಂದಿನ ಬೀದಿಯ ಹುಡುಗಿ. ಮನೆಯಲ್ಲಿ ಕನ್ನಡ ಕೇಳಿ ತಮಿಳಿನಲ್ಲಿ ಉತ್ತರ ಕೊಡುವ ಪೈಕಿ.

"ಯಾಕಿಲ್ಲ? ಎಲ್ಲರೂ ಸುತ್ತ ಕೂತ್ಕೊಳ್ಳಿ. ಇದಕ್ಕೆ ಏನಂತಾರೆ?"

"ಸಿ.ಪಿ.ಯು., ಮಿಸ್!" ಎಂದು ಮಕ್ಕಳೆಲ್ಲ ಕೂಗಿದರು.

"ಊರೆಲ್ಲ ಹಾಗೇ ಅಂತದೆ. ನೋಡೋಣ." ಅವಳು ಮೊದಲನೇ ಸ್ಕ್ರೂ ಬಿಚ್ಚಿ ಪಂಚೆಯ ಮೇಲಿಟ್ಟಳು. ಮುಚ್ಚಳ ತೆಗೆದರೆ ಒಳಗೆಲ್ಲ ಅರಿಶಿನದ ಅಕ್ಕಿ. ಮಕ್ಕಳು ಗೊಳ್ಳೆಂದರು. ಅಂಬುಜಾ ಬ್ರಷ್ ಎತ್ತಿಕೊಂಡಳು. ಜಾನಕಮ್ಮ ಬೆಳ್ಳಿ ತಟ್ಟೆ ಹಿಡಿದು ಓಡಿಬಂದರು. ಮಂತ್ರಾಕ್ಷತೆ ಯಾರ ಕಾಲಿಗೂ ಸಿಗಬಾರದಲ್ಲ. ಸೊಸೆ ಗುಡಿಸಿದ ಕಾಳುಗಳನ್ನು ಅತ್ತೆ ಆರಿಸಿ ತಟ್ಟೆಗೆ ಹಾಕುತ್ತಾ ಹೋದರು.

ಮೂಲೆಯ ತಗಡಿನ ಪೆಟ್ಟಿಗೆಯನ್ನು ತೋರಿಸಿ ಅಂಬುಜಾ ಹೇಳಿದಳು: "ಇದು ಪವರ್ ಸಪ್ಲೈ. ಗೋಡೆಯಿಂದ ಬರೋ ಕರೆಂಟು ಜೋರು. ಅದನ್ನ ಇಳಿಸಿ, ಯಾರಿಗೆಷ್ಟು ಬೇಕೋ ಅಷ್ಟು ಹಂಚ್ತದೆ. ಈ ಹಸಿರು ಹಲಗೆ ಮದರ್‌ಬೋರ್ಡು. ಎಲ್ಲರೂ ಇದರ ಮೇಲೇ ಕೂತಿರೋದು, ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟೋದೂ ಇದರಿಂದಲೇ."

ಬಾಯಿಪಾಠ ಮಾಡಿದ್ದ ಹೆಸರುಗಳು ಈಗ ಒಂದೊಂದೇ ಕೈಗೆ ಸಿಗುತ್ತಿದ್ದವು. ಹೇಳುತ್ತಾ ಹೇಳುತ್ತಾ ಅವಳ ಹೆದರಿಕೆ ಕಳೆಯಿತು. ಪುಟ್ಟ ಫ್ಯಾನಿನ ರೆಕ್ಕೆಗೆ ಒಂದು ಕಾಳು ಅಡ್ಡ ಸಿಕ್ಕಿತ್ತು. ಜಾನಕಮ್ಮ ತಮ್ಮ ಹೇರ್‌ಪಿನ್ ಕೊಟ್ಟರು, ಅದರಿಂದ ಮೀಟಿ ತೆಗೆದಳು.

"ಈ ಫ್ಯಾನಿನ ಕೆಳಗೆ ಅಡಗಿ ಕೂತಿದೆಯಲ್ಲ, ಒಂದು ಬಿಸ್ಕತ್ತಿನಷ್ಟು ಚಿಪ್ಪು, ಅದು ಸಿ.ಪಿ.ಯು. ಲೆಕ್ಕ ಎಲ್ಲ ಮಾಡೋದು ಅದೇ. ದುಡಿದು ದುಡಿದು ಬಿಸಿಯಾಗ್ತದೆ, ಅದಕ್ಕೇ ಈ ಫ್ಯಾನು. ಅಲ್ಲಿರೋದು ಹಾರ್ಡ್ ಡಿಸ್ಕು, ಕರೆಂಟ್ ಹೋದ್ರೂ ಅದರಲ್ಲಿಟ್ಟಿದ್ದು ಹೋಗಲ್ಲ. ಈ ಪಟ್ಟಿ ರ‍್ಯಾಮ್. ಕೆಲಸ ಮಾಡೋವಾಗ ಬೇಕಾದ್ದೆಲ್ಲ ಇದರ ಮೇಲೆ ಬಂದು ಕೂತ್ಕೊಳ್ತದೆ, ಆರಿಸಿದ್ರೆ ಎಲ್ಲ ಖಾಲಿ."

"ಊಟದೆಲೆ ಅನ್ನು" ಎಂದರು ಜಾನಕಮ್ಮ, ಕಾಳಿನಿಂದ ಕಣ್ಣೆತ್ತದೆ. "ಉಗ್ರಾಣದಿಂದ ತಂದು ಬಡಿಸೋದು, ಎದ್ದಮೇಲೆ ಎತ್ತಿ ಬಿಸಾಕೋದು."

ಇಷ್ಟು ಚೆನ್ನಾಗಿ ಕ್ಲಾಸಿನ ಸಾರ್ ಕೂಡ ಹೇಳಿರಲಿಲ್ಲ ಎನ್ನಿಸಿತು ಅಂಬುಜಾಳಿಗೆ. ಬಿಟ್ಟು ಬಿಟ್ಟು ಕೀಂ ಎಂದರೆ ರ‍್ಯಾಮಿನ ದೂರು ಎಂದು ಸಾರ್ ಒಮ್ಮೆ ಹೇಳಿದ್ದು ಮಾತ್ರ ಆಗ ನೆನಪಿಗೆ ಬಂತು. ಪಟ್ಟಿಯನ್ನು ಮೆಲ್ಲಗೆ ಎತ್ತಿದಳು. ಅದರ ಹೊಂಬಣ್ಣದ ಹಲ್ಲುಗಳ ಮೇಲೆ ತೀರ್ಥ ಒಣಗಿ ಕಲೆಯಾಗಿತ್ತು. ಒಂದು ಮಗುವಿನ ಹತ್ತಿರ ಪೆನ್ಸಿಲ್ ರಬ್ಬರ್ ಇಸಿದುಕೊಂಡು ಹದವಾಗಿ ಉಜ್ಜಿ, ಬಟ್ಟೆಯಲ್ಲಿ ಒರೆಸಿ ಮತ್ತೆ ಸಿಕ್ಕಿಸಿದಳು. ಪ್ಲಗ್ ಹಾಕಿ ಒತ್ತಿದಳು.

ಕೀಂ, ಕೀಂ.

ತಿರುಮಲ ಪೇಪರ್ ಮಡಿಸಿದರು. ಅಂಬುಜಾ ಮತ್ತೆ ಪ್ಲಗ್ ಕಿತ್ತು ಬಗ್ಗಿ ನೋಡಿದಳು. ಪಟ್ಟಿಯ ಒಂದು ತುದಿ ಕೂದಲೆಳೆಯಷ್ಟು ಮೇಲಿತ್ತು. ಮುರಿದೀತು ಎಂಬ ಅಂಜಿಕೆಯಿಂದ ಅವಳು ಪೂರಾ ಒತ್ತಿಯೇ ಇರಲಿಲ್ಲ. ಅಂಜಿದವರ ಕೈಗೆ ಯಾವ ಯಂತ್ರವೂ ಬಗ್ಗುವುದಿಲ್ಲ ಎಂದು ಟೈಪ್ ಕಲಿಯುವ ಹುಡುಗಿಯರಿಗೆ ಹೇಳುತ್ತಿದ್ದವಳು ತಾನೇ! ಎರಡೂ ಹೆಬ್ಬೆರಳಿಟ್ಟು ಗಟ್ಟಿಯಾಗಿ ಒತ್ತಿದಳು. ಎರಡೂ ಬದಿಯ ಕೊಂಡಿಗಳು ಟಕ್ಕೆಂದು ಹಿಡಿದುಕೊಂಡವು.

ಈ ಸಲ ಒಂದೇ ಒಂದು ಕೂಗು, ಪುಟ್ಟದು. ಕಪ್ಪು ಪರದೆಯ ಮೇಲೆ ಬಿಳಿ ಅಂಕಿಗಳು ಓಡತೊಡಗಿದವು. ಮಕ್ಕಳು ಚಪ್ಪಾಳೆ ತಟ್ಟಿದರು. ಜಾನಕಮ್ಮ ತಟ್ಟೆಯನ್ನು ಕಣ್ಣಿಗೊತ್ತಿಕೊಂಡರು. ಅಂಬುಜಾ ನಗಬೇಕೆಂದರೆ ಅಳು ಬರುವ ಹಾಗಾಗಿ ಸುಮ್ಮನೆ ಕೈ ಒರೆಸಿಕೊಂಡಳು.

"ನಡೀತಲ್ಲ, ಸಂತೋಷ" ಎಂದರು ತಿರುಮಲ ಗೋಡೆ ಗಡಿಯಾರ ನೋಡುತ್ತಾ. "ಆದ್ರೆ ರಾಹುಕಾಲ ಹಿಡಿದು ಎಷ್ಟು ಹೊತ್ತಾಯ್ತು? ಈಗ ಶುರುಮಾಡಿ ಪ್ರಯೋಜನ ಇಲ್ಲಮ್ಮಾ. ಮಾತು ಅಂದ್ರೆ ಮಾತು."

"ಈಗ ಶುರುಮಾಡ್ತಿಲ್ಲ ಭಾವ. ಮೊದಲನೇ ಸ್ಕ್ರೂ ಬಿಚ್ಚಿದಾಗಲೇ ಶುರುವಾಯ್ತು. ಹತ್ತೂವರೆಗೆ ಇನ್ನೂ ಹೊತ್ತಿತ್ತು."

"ರಿಪೇರಿ ಮಾಡಿದ್ದಕ್ಕೆ ಕ್ಲಾಸು ಅಂತ ಹೆಸರಾ?"

"ನನ್ನ ಕೇಳ್ಬೇಡಿ. ಕಲಿತವರನ್ನ ಕೇಳಿ."

ತಿರುಮಲ ನಗುತ್ತಲೇ ಮಾನ್ಯಾಳ ಕಡೆ ತಿರುಗಿ ಡಬ್ಬಿ ತೋರಿಸಿದರು. "ಏನಮ್ಮಾ, ಈ ಸಿ.ಪಿ.ಯು. ಒಳಗೆ ಏನೇನು ನೋಡಿದೆ?"

"ಅಯ್ಯೋ, ಅದು ಸಿ.ಪಿ.ಯು. ಇಲ್ಲೆ ಅಂಕಲ್, ಅದು ವೆರುಂ ಡಬ್ಬಾ, ಬರೀ ಡಬ್ಬಾ" ಎಂದು ಹುಡುಗಿ ಎದ್ದುನಿಂತಳು. ಬಗ್ಗಿ ಒಂದೊಂದನ್ನೇ ಬೆರಳಿಟ್ಟು ತೋರಿಸುತ್ತಾ, ಯಾವುದು ಕರೆಂಟು ಹಂಚುತ್ತದೆ, ಯಾವುದು ಲೆಕ್ಕ ಮಾಡುತ್ತದೆ, ಯಾವುದು ನೆನಪಿಟ್ಟುಕೊಳ್ಳುತ್ತದೆ, ಯಾವುದು ಮರೆಯುತ್ತದೆ ಎಂದು ತಮಿಳಿನಲ್ಲಿ ಗಡಗಡ ಒಪ್ಪಿಸಿದಳು. ತಡವರಿಸಿದ ಕಡೆ ಮಿಕ್ಕ ಮಕ್ಕಳು ಎತ್ತಿಕೊಟ್ಟರು.

ತಿರುಮಲ ಕೇಳಿ ಮುಗಿಸಿದರು. ತಾಯಿಯ ಮುಖ ನೋಡಿದರು, ಅಲ್ಲೇನೂ ಆಸರೆ ಸಿಗಲಿಲ್ಲ.

"ಸರಿ. ಮೆಡಿಕಲ್ ಶಾಪಿನವನು ಮಧ್ಯಾಹ್ನ ಬರ್ತಾನಲ್ಲ, ಅವನಿಗೇನು ಹೇಳ್ಲಿ?"

"ಸಂಜೆ ಬ್ಯಾಚಿನಲ್ಲಿ ಜಾಗ ಇದೆ, ಬೇಕಾದ್ರೆ ಸೇರ್ಕೊಳ್ಳಲಿ ಅನ್ನಿ ಭಾವ" ಎಂದು ಹೇಳಿ ಅಂಬುಜಾ ಮಕ್ಕಳ ಕಡೆ ತಿರುಗಿದಳು.