ಇಪ್ಪತ್ತೊಂದು ದಿನದ ಕೂಗು

ಕೂತಲ್ಲಿ ಕೂರಲಾರದವರಿಗೆ ಹೇಳಿ ಮಾಡಿಸಿದ ಕೆಲಸವೊಂದು ನನಗೆ ಸಿಕ್ಕಿತ್ತು. ವಿಶಾಖಪಟ್ಟಣದಿಂದ ವಿಜಯವಾಡದ ಕಡೆಗೆ ನೆಲದಡಿ ಗ್ಯಾಸಿನ ಕೊಳವೆ ಹಾಕುವ ಕಂಪನಿಯೊಂದರಲ್ಲಿ ನಾನು ನೋಟೀಸು ಸಾರುವವನು. ಊರಿಗೆ ಕೊಳವೆ ಬರುವ ಮೊದಲು ಜೆಸಿಬಿ ಬರುತ್ತದೆ, ಜೆಸಿಬಿಗೂ ಮೊದಲು ಗುರುತಿನ ಕಲ್ಲು ಬರುತ್ತದೆ, ಕಲ್ಲಿಗೂ ಮೊದಲು ಮೈಕು ಕಟ್ಟಿದ ಆಟೋದಲ್ಲಿ ನಾನು ಬರುತ್ತೇನೆ. ಇಷ್ಟು ಮೆರವಣಿಗೆ ನಮ್ಮ ವಂಶದಲ್ಲಿ ಯಾರ ಮದುವೆಗೂ ಆಗಿಲ್ಲ.

ಕಾನೂನು ಹೇಳುವುದು ಸರಳವಾಗಿದೆ. ನಿಮ್ಮ ಜಾಗದಡಿ ಕೊಳವೆ ಹಾಯುವುದಾದರೆ ಮೊದಲು ನಿಮಗೆ ತಿಳಿಸಬೇಕು. ತಿಳಿಸಿದ ಇಪ್ಪತ್ತೊಂದು ದಿನದೊಳಗೆ ನೀವು ವಿಜಯವಾಡದಲ್ಲಿರುವ ಅಧಿಕಾರಿಗೆ ಬರಹದಲ್ಲಿ ತಕರಾರು ಕೊಡಬಹುದು. ಕೊಡದೇ ಹೋದರೆ ಜಾಗ ನಿಮ್ಮದೇ, ಬೆಳೆಯೂ ನಿಮ್ಮದೇ. ಆದರೆ ಕೊಳವೆ ಹಾಯುವ ಆ ಪಟ್ಟಿಯ ಮೇಲೆ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಎಂದೆಂದಿಗೂ. ಇದನ್ನು ಗೆಜೆಟ್ಟಿನಲ್ಲಿ ಹಾಕುತ್ತಾರೆ, ಪಂಚಾಯ್ತಿಯ ಗೋಡೆಗೆ ಅಂಟಿಸುತ್ತಾರೆ. ಗೆಜೆಟ್ಟು ಓದುವವರು ಯಾರೂ ಇಲ್ಲ, ಗೋಡೆ ಓದುವುದು ಮೇಕೆಗಳು ಮಾತ್ರ. ಹಾಗಾಗಿ ಮೈಕು.

ಅಪ್ಪ ವಿಜಯವಾಡದ ತೆಲುಗಿನವರು, ಅಮ್ಮ ಹುಬ್ಬಳ್ಳಿಯವಳು, ಮನೆ ವಿಜಯವಾಡದ ಪಟಮಟ ಬಡಾವಣೆಯಲ್ಲಿ. ತೆಲುಗು ಅಜ್ಜಿ ಬಂದಾಗ ಕನ್ನಡ ಅಜ್ಜಿಯ ಹಾಗೆ, ಕನ್ನಡ ಅಜ್ಜಿ ಬಂದಾಗ ತೆಲುಗು ಅಜ್ಜಿಯ ಹಾಗೆ ಮಾತಾಡಿ ತೋರಿಸಿಯೇ ನಾನು ಎರಡೂ ಭಾಷೆ ಕಲಿತದ್ದು. ಇಬ್ಬರಿಂದಲೂ ಏಟು ತಿಂದದ್ದೂ ಹಾಗೆಯೇ. ಕಂಪನಿಯ ಸೈಟ್ ಎಂಜಿನಿಯರು ಬಾಗಲಕೋಟೆ ಕಡೆಯವರು. ಸಂದರ್ಶನದಲ್ಲಿ ನನ್ನನ್ನು ಹತ್ತು ನಿಮಿಷ ಮಾತಾಡಿಸಿ, "ನಿನಗ ಕನ್ನಡ ಬರ್ತೈತಿ, ತೆಲುಗು ಬರ್ತೈತಿ, ನಾಚಿಕಿ ಒಂದ ಬರೂದಿಲ್ಲ. ಈ ಕೆಲಸಕ್ಕ ಅಂಥಾವನ ಬೇಕು" ಎಂದು ನೇಮಕದ ಆದೇಶ ಕೊಟ್ಟರು. ಆಮೇಲೆ ಅದೇ ಧಾಟಿಯಲ್ಲಿ ಅವರನ್ನು ಅವರ ಬೆನ್ನ ಹಿಂದೆ ಎಷ್ಟು ಸಲ ಆಡಿ ತೋರಿಸಿದೆನೋ ಲೆಕ್ಕವಿಲ್ಲ.

ಮೊದಲ ಊರು ವಿಶಾಖಪಟ್ಟಣದ ಅಂಚಿನ ಮಧುರವಾಡ ದಾಟಿ ಒಳಗೆ ಹೋದರೆ ಸಿಗುವಂಥದು. ಒಂದು ಕಡೆ ಹೊಸ ಅಪಾರ್ಟ್‌ಮೆಂಟುಗಳು ಇಣುಕುತ್ತಿದ್ದವು, ಇನ್ನೊಂದು ಕಡೆ ಗೇರುಗಿಡಗಳಿದ್ದವು. ಹಿಂದಿನ ದಿನ ನೋಟೀಸನ್ನು ಇದ್ದದ್ದು ಇದ್ದ ಹಾಗೆ ಫೋನಿನಲ್ಲಿ ಓದಿ ಧ್ವನಿ ಹಿಡಿದಿಟ್ಟಿದ್ದೆ. ಅದನ್ನು ಕೇಳುತ್ತ ಕೇಳುತ್ತ ಆಟೋದವನು ಹ್ಯಾಂಡಲಿನ ಮೇಲೆ ತಲೆಯಿಟ್ಟು ಮಲಗಿಬಿಟ್ಟ. ಛೇ, ಇದನ್ನು ಯಾರು ಕೇಳುತ್ತಾರೆ? ಆ ಕಡೆ ಬಾಗಿಲು ತೆಗೆಸುವ ಧ್ವನಿ ಒಂದೇ ಇದೆ: ಹಳೇ ಸಾಮಾನು ತೆಗೆದುಕೊಂಡು ಈರುಳ್ಳಿ ಕೊಡುವವನದು. ನಾನು ಆ ರಾಗದಲ್ಲೇ ನೋಟೀಸನ್ನು ಮತ್ತೆ ಓದಿದೆ. "ಅಮ್ಮಾ… ಕೊಳವೆ ಬರುತ್ತದಮ್ಮಾ… ತಕರಾರಿದ್ದರೆ ಬರೆದು ಕೊಡಬೇಕಮ್ಮಾ… ಇಪ್ಪತ್ತೊಂದು ದಿನವೇ ಅಮ್ಮಾ…" ಮೂಗಿನಿಂದ ಒಂದಿಷ್ಟು, ಗಂಟಲಿನಿಂದ ಒಂದಿಷ್ಟು. ಆಟೋದವನು ಎದ್ದು ಕೂತು ಚಪ್ಪಾಳೆ ತಟ್ಟಿದ.

ಬೆಳಿಗ್ಗೆ ಬೀದಿಯಲ್ಲಿ ಅದನ್ನು ಹಾಕಿದ್ದೇ ತಡ, ಬಾಗಿಲುಗಳೆಲ್ಲ ತೆರೆದವು. ಒಡೆದ ಬಕೆಟ್ಟು, ಕಾಲು ಮುರಿದ ಸ್ಟೂಲು, ರೆಕ್ಕೆಯಿಲ್ಲದ ಕೂಲರು, ತುಕ್ಕು ಹಿಡಿದ ಸೈಕಲ್ ರಿಮ್ಮು, ಎಲ್ಲವೂ ನಮ್ಮ ಆಟೋದ ಕಡೆಗೆ ನಡೆದು ಬಂದವು. ಮುಂದೆ ನಿಂತಾಕೆಗೆ ನಲವತ್ತರ ಆಸುಪಾಸು. ಕುತ್ತಿಗೆಯಲ್ಲಿ ಟೈಲರ್ ಟೇಪು, ಕೈಯಲ್ಲಿ ಸೀಳಿದ ಎರಡು ಪ್ಲಾಸ್ಟಿಕ್ ಬಿಂದಿಗೆ.

"ಇವೆರಡಕ್ಕೆ ಎಷ್ಟು ಈರುಳ್ಳಿ ಬಾಬು?" ಎಂದು ತೆಲುಗಿನಲ್ಲಿ ಕೇಳಿದಳು.

"ಅಮ್ಮಾ, ಇದು ಗ್ಯಾಸ್ ಪೈಪ್‌ಲೈನಿನ ನೋಟೀಸು."

"ಗ್ಯಾಸ್ ಬೇಡ, ಮನೇಲಿ ಸಿಲಿಂಡರ್ ಇದೆ. ಈರುಳ್ಳಿ ಉಂಟೋ ಇಲ್ಲವೋ ಹೇಳು."

ಆಗ ನಾನು ಆಟ ಬಿಟ್ಟು ನೋಟೀಸಿನ ಅರ್ಥ ಬಿಡಿಸಿ ಹೇಳಬೇಕಿತ್ತು. ಹೇಳಲಿಲ್ಲ. ಅವಳದೇ ಧ್ವನಿಯಲ್ಲಿ, ಅವಳ ಹಾಗೆಯೇ ಸೊಂಟಕ್ಕೆ ಕೈಯಿಟ್ಟು, "ಈರುಳ್ಳಿ ಉಂಟೋ ಇಲ್ಲವೋ ಹೇಳು" ಎಂದೆ. ಬೀದಿಯೆಲ್ಲ ನಕ್ಕಿತು. ಅವಳೂ ಅರ್ಧ ನಕ್ಕು, "ಕೆಲಸವಿಲ್ಲದವರು" ಎಂದು ಬಿಂದಿಗೆ ಎತ್ತಿಕೊಂಡು ಹೋದಳು. ನಾನು ಜನರ ಗುಂಪಿನ ಫೋಟೋ ತೆಗೆದೆ. ಸರಕಾರಿ ನೋಟೀಸಿಗೆ ಅಷ್ಟು ಜನ ಸೇರಿದ ಫೋಟೋ ನಮ್ಮ ಆಫೀಸು ಕಂಡಿರಲಿಲ್ಲ. ಕೆಳಗೆ ವರದಿ ಬರೆದೆ: "ಗ್ರಾಮಸ್ಥರು ಅಪಾರ ಸಂಖ್ಯೆಯಲ್ಲಿ ಸೇರಿ ಗಮನವಿಟ್ಟು ಆಲಿಸಿದರು." ಸಹಿ ಹಾಕಿದೆ. ಎಂಜಿನಿಯರೂ ಹಾಕಿದರು.

ಸಂಜೆ ಆ ಧ್ವನಿಯನ್ನು ಕೇಳಿ ಅವರು ಕಿವಿ ಮುಚ್ಚಿಕೊಂಡರು. "ಏನ ನಾಟಕ ಹಚ್ಚೀಯಲೇ? ನಾಳಿಂದ ಸೀದಾ ಓದು." ಮಾರನೆಯ ದಿನದಿಂದ ಸೀದಾ ಓದಿದೆ. ಮೊದಲ ಊರಿಗೆ ಮಾತ್ರ ಯಾರೂ ವಾಪಸು ಹೋಗಲಿಲ್ಲ. ಫೋಟೋ ಅಷ್ಟು ಚೆನ್ನಾಗಿತ್ತು.

ವಾಪಸು ಹೋದದ್ದು ಗುರುತಿನ ಕಲ್ಲು ನೆಡಲು. ಇಪ್ಪತ್ತೊಂದು ದಿನ ಮುಗಿದು ನಾಲ್ಕು ದಿನವಾಗಿತ್ತು. ಊರಂಚಿನ ಒಂದು ನಿವೇಶನದಲ್ಲಿ ಮಂಡಿಯೆತ್ತರ ತಳಪಾಯ ಎದ್ದಿತ್ತು. ನಮ್ಮ ನಕ್ಷೆಯಲ್ಲಿ ಅದು ಖಾಲಿ ಜಾಗ, ಏಕೆಂದರೆ ಸರ್ವೆ ಮಾಡಿದಾಗ ಅಲ್ಲಿ ಬರೀ ಹುಲ್ಲಿತ್ತು. ಕೂಲಿಗಳು ತಳಪಾಯದ ಪಕ್ಕಕ್ಕೇ ಹಾರೆ ಹಾಕಿದಾಗ ಅವತ್ತು ಬಿಂದಿಗೆ ತಂದಿದ್ದವಳು ಓಡಿ ಬಂದಳು. ಕುತ್ತಿಗೆಯಲ್ಲಿ ಟೇಪು ಹಾಗೆಯೇ ಇತ್ತು.

"ಯಾರು ನೀವು? ಇದು ನನ್ನ ಜಾಗ."

ಎಂಜಿನಿಯರು ತಮ್ಮ ಮುರುಕು ತೆಲುಗಿನಲ್ಲಿ ಕೊಳವೆಯ ಸಂಗತಿ ಹೇಳಿದರು. ಅವಳು ತಳಪಾಯದ ಮೇಲೆ ಹತ್ತಿ ನಿಂತಳು. ತಂಗಿಯೂ ತಾನೂ ಬಾಡಿಗೆಯ ಒಂದೇ ಕೋಣೆಯಲ್ಲಿ ಸ್ಕೂಲ್ ಯೂನಿಫಾರ್ಮು ಹೊಲಿದು ಹೊಲಿದು ಈ ಜಾಗ ಕೊಂಡದ್ದು ಎಂದಳು. "ಇಲ್ಲಿ ಅಡುಗೆ, ಇಲ್ಲಿ ಮಲಗೋದು, ಇಲ್ಲಿ ಎರಡು ಮೆಷಿನ್ನು" ಎಂದು ಇನ್ನೂ ಹುಟ್ಟದ ಗೋಡೆಗಳನ್ನು ಕಾಲಿನಿಂದ ಗೀರಿ ತೋರಿಸಿದಳು. "ಮೊದಲೇ ಹೇಳೋದಲ್ಲವಾ? ಯಾರು ಹೇಳಿದರು ನನಗೆ?"

"ಮೈಕಿನಲ್ಲಿ ಹೇಳಿದ್ದೇವೆ ಅಮ್ಮಾ. ಹೋದ ತಿಂಗಳು…" ಎಂದು ನಾನು ಬಾಯಿ ತೆರೆದೆ.

ಅವಳು ನನ್ನನ್ನೇ ನೋಡಿದಳು. "ನೀನಾ? ಅವತ್ತು ನನ್ನ ಹಾಗೆ ಆಡಿ ತೋರಿಸಿದವನು?"

"ಹೌದಮ್ಮಾ."

"ಅವತ್ತು ಏನು ಕೂಗಿದ್ದು? ಈಗ ಹೇಳು."

ಹೇಳಿದೆ. ರಾಗವಿಲ್ಲದೆ, ಎರಡೇ ನಿಮಿಷದಲ್ಲಿ. ಅವಳು ಪೂರ್ತಿ ಕೇಳಿಸಿಕೊಂಡು, "ಇಷ್ಟೇನಾ? ಇಷ್ಟು ಹೇಳೋದಕ್ಕೆ ಅವತ್ತು ನಿನಗೇನಾಗಿತ್ತು?" ಎಂದಳು.

ಆ ದಿನ ಕಲ್ಲು ನೆಟ್ಟೇ ಬಂದೆವು. ನನಗೆ ಆಫೀಸಿನಲ್ಲಿ ಕೂರಲಾಗಲಿಲ್ಲ, ನಿಲ್ಲಲೂ ಆಗಲಿಲ್ಲ. ನೀರಿನ ಕ್ಯಾನಿನ ತನಕ ಹೋಗಿ ನೀರು ಕುಡಿಯದೆ ಬಂದೆ. ಮೂರನೇ ಸಲಕ್ಕೆ ಎಂಜಿನಿಯರು ತಲೆಯೆತ್ತಿದರು.

"ಯಾಕಲೇ ತಮ್ಮಾ, ಅಂಗ್ಯಾಗ ಇರಬಿ ಹೊಕ್ಕಾವೇನು?"

"ಸರ್, ಆ ಊರಿನ ಡಂಗುರ ಸರಿ ಇರಲಿಲ್ಲ ಅಂತ ನಾ ಬರದು ಕೊಡ್ತೀನ್ರಿ."

"ಹುಚ್ಚ ಹಿಡದೈತೇನು? ಗಮನವಿಟ್ಟು ಕೇಳಿದರು ಅಂತ ನೀನ ಬರದೀಯಲಾ. ನಿನ್ನ ಸಹಿ ಕೆಳಗ ನನ್ನ ಸಹಿ ಐತಿ. ನಿನ್ನ ಜೋಡಿ ನನ್ನೂ ಮನಿಗೆ ಕಳಸ್ತಾರ." ಆಮೇಲೆ, "ಪಾಯಾ ಅಂದ್ರ ಮನಿ ಅಲ್ಲೋ, ಅಕಿ ಬ್ಯಾರೆ ಕಡೆ ಕಟ್ಟಿಕೊಳ್ಳಲಿ" ಎಂದರು. ಆದರೆ ಆ ಮಾತನ್ನು ನನಗಲ್ಲ, ಕಿಟಕಿಗೆ ಹೇಳಿದರು.

"ಸರ್, ನಿಮ್ಮದೊಂದು ಸಹಿ ಬಿಟ್ಟು ನನ್ನದೊಂದೇ ಅಳಿಸಲಿಕ್ಕೆ ಬರ್ತೈತೇನ್ರಿ?"

"ಬರೂದಿಲ್ಲ" ಎಂದರು. ವಿಜಯವಾಡದ ಅಧಿಕಾರಿಯ ಬಳಿ ಹೋಗಬೇಡ ಎಂದು ಮಾತ್ರ ಹೇಳಲಿಲ್ಲ.

ಅಧಿಕಾರಿಯ ಮುಂದೆ ನಿಜ ಹೇಳುತ್ತೇನೆ, ಬನ್ನಿ ಎಂದು ಹೊಲಿಗೆಯವಳನ್ನು ಹೋಗಿ ಕರೆದೆ. ಎರಡು ದಿನ ಬಿಟ್ಟು ಬೆಳಗಿನ ರೈಲಿನಲ್ಲಿ ಅವಳೂ ನಾನೂ ವಿಜಯವಾಡಕ್ಕೆ ಹೊರಟೆವು. ಅವಳು ಜಾಗದ ಪತ್ರ, ಸಿಮೆಂಟಿನ ಚೀಟಿ, ತಳಪಾಯದ ಫೋಟೋಗಳನ್ನು ಯೂನಿಫಾರ್ಮಿನ ಬಟ್ಟೆಯಲ್ಲಿ ಹೊಲಿದ ಚೀಲದಲ್ಲಿ ಇಟ್ಟುಕೊಂಡು ಕಿಟಕಿಯ ಪಕ್ಕ ಅಲುಗದೆ ಕೂತಳು. ನಾನು ಅನಕಾಪಲ್ಲಿಯಲ್ಲಿ ಇಳಿದು ಹತ್ತಿದೆ, ತುನಿಯಲ್ಲಿ ಇಳಿದು ಹತ್ತಿದೆ. ಬೋಗಿಯ ಈ ಬಾಗಿಲಿನಿಂದ ಆ ಬಾಗಿಲಿಗೆ ನಡೆದೆ. ಅಧಿಕಾರಿ ಕೇಳುವುದೇ ಇಲ್ಲ ಎಂದರೆ? ನನ್ನ ಮಾತನ್ನೂ ಒಂದು ಆಟ ಎಂದುಕೊಂಡರೆ? ರಾಜಮಂಡ್ರಿಯ ಸೇತುವೆಯ ಮೇಲೆ ಎಲ್ಲರೂ ಗೋದಾವರಿಗೆ ಕೈ ಮುಗಿಯುವಾಗ ಅವಳು ಮೊದಲ ಬಾರಿ ಬಾಯಿ ಬಿಟ್ಟಳು.

"ಕೂತುಕೋ ಬಾಬು. ನೀನು ನಡೆದರೆ ರೈಲು ಬೇಗ ಹೋಗುವುದಿಲ್ಲ."

ಅಧಿಕಾರಿಯದು ಕಂದಾಯ ಇಲಾಖೆಯಲ್ಲಿ ತಲೆ ನರೆಸಿಕೊಂಡ ಜೀವ. ಪ್ರತಿ ವಾಕ್ಯಕ್ಕೂ ಮೊದಲು ಗಂಟಲು ಸರಿಮಾಡಿಕೊಂಡು, ವಾಕ್ಯದ ಬಾಲ ನುಂಗುವವರು. ಒಮ್ಮೆ ಸೈಟಿಗೆ ಬಂದಿದ್ದಾಗ ಕಂಡ ಅವರನ್ನು ಅನುಕರಿಸಿ ಆಫೀಸಿನಲ್ಲಿ ನಾನು ಎಷ್ಟೋ ಚಹಾ ಗೆದ್ದಿದ್ದೆ. ಈಗ ಅವರು ಎದುರಿಗೆ ಗಂಟಲು ಸರಿಮಾಡಿಕೊಂಡ ಕೂಡಲೇ ನನ್ನ ಗಂಟಲಿನಲ್ಲೂ ಕೆರೆತ ಶುರುವಾಯಿತು. ಕೆಮ್ಮಿದರೆ ಕೆಲಸ ಕೆಟ್ಟಿತು. ಉಗುಳು ನುಂಗುತ್ತ ನಿಂತೆ.

"ಅವಧಿ ಮುಗಿದಿದೆಯಲ್ಲಮ್ಮಾ" ಎಂದರು. ಅವಳು ನನ್ನ ಕಡೆ ಕೈ ತೋರಿಸಿದಳು. ಅವರು ಕಡತ ತಿರುವಿ ಹಾಕಿದರು. "ಗಮನವಿಟ್ಟು ಆಲಿಸಿದರು ಅಂತಿದೆ. ಈ ಸಹಿ ಯಾರದು?"

"ನನ್ನದೇ ಸರ್."

"ಮತ್ತೆ?"

"ಆಲಿಸಿದ್ದು ನಿಜ ಸರ್. ನೋಟೀಸನ್ನಲ್ಲ, ನನ್ನ ಆಟವನ್ನು. ನಾನು ಬರೆದದ್ದು ಸುಳ್ಳು."

ಫೋನು ಮೇಜಿನ ಮೇಲಿಟ್ಟು ಅಂದಿನ ಧ್ವನಿಯನ್ನು ಹಾಕಿದೆ. "ಅಮ್ಮಾ… ಕೊಳವೆ ಬರುತ್ತದಮ್ಮಾ…" ಅಷ್ಟರಲ್ಲಿ ಚಹಾ ತಂದ ಜವಾನ ಬಾಗಿಲಲ್ಲೇ ನಿಂತ. ಅಧಿಕಾರಿ ಅವನ ಕಡೆ ತಿರುಗಿ, "ಏನು ಕೇಳಿಸಿತಯ್ಯಾ ನಿನಗೆ?" ಎಂದರು.

"ಹಳೇ ಸಾಮಾನಿನವನು ಸರ್. ಕೆಳಗೆ ಬಂದಿದ್ದಾನಾ? ಮನೇಲೊಂದು ಕೆಟ್ಟ ಫ್ಯಾನಿದೆ."

ಗುಮಾಸ್ತರೆಲ್ಲ ಬಿದ್ದು ಬಿದ್ದು ನಕ್ಕರು. ಅಧಿಕಾರಿಯೂ ತುಟಿ ಕಚ್ಚಿಕೊಂಡರು. ನನ್ನ ಬದುಕಿನಲ್ಲಿ ಅಷ್ಟು ಚೆನ್ನಾಗಿ ಯಾವ ಆಟವೂ ಗೆದ್ದಿರಲಿಲ್ಲ. ಅವಳು ಮಾತ್ರ ಚೀಲವನ್ನು ಎದೆಗೆ ಒತ್ತಿಕೊಂಡು ನಗುವವರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದಳು. ಕಡೆಗೆ ನನ್ನ ಮುಖಕ್ಕೆ ಬಂದಳು. ನಾನು ನೆಲ ನೋಡಿದೆ.

ಅಧಿಕಾರಿ ಬರೆಸಿದರು: ಆ ಊರಿನಲ್ಲಿ ಮತ್ತೆ ಸಾರಬೇಕು, ಸಾರಿದ ದಿನದಿಂದ ಇಪ್ಪತ್ತೊಂದು ದಿನ ಹೊಸದಾಗಿ ಎಣಿಸಬೇಕು, ಅಲ್ಲಿಯವರೆಗೆ ಆ ಊರಿನಲ್ಲಿ ನೆಲ ಅಗೆಯಬಾರದು. ಬರೆಸಿ ನನ್ನ ಕಡೆ ತಿರುಗಿ, "ನೀನೇ ಸಾರು. ಬಾಯಲ್ಲಿ" ಎಂದರು.

ಹೊರಗೆ ಬಂದು ಎಂಜಿನಿಯರಿಗೆ ಫೋನು ಮಾಡಿದೆ. "ಹೆಡ್ಡಾಫೀಸಿನಿಂದ ಇಬ್ಬರಿಗೂ ಕಾಗದ ಬರತಾವ. ಬರಲಿ. ನೀ ಮೊದಲು ಊಟಾ ಮಾಡು" ಎಂದು ಅವರು ಫೋನು ಇಟ್ಟರು. ಊಟ ಪಟಮಟದ ಮನೆಯಲ್ಲಾಯಿತು. ಅಮ್ಮ ಅವಳಿಗೆ ಬಡಿಸುತ್ತ ಎಲ್ಲ ಕೇಳಿಕೊಂಡು ನನಗೆ ಕನ್ನಡದಲ್ಲಿ, "ಇಷ್ಟ ದಿನಾ ಮಂದಿ ನಗೂದು ನೋಡಿದಿ, ಈಗ ಅಳೂದೂ ನೋಡಾಕ ಹತ್ತಿ" ಎಂದಳು. ಅದನ್ನು ನಾನು ತೆಲುಗಿಗೆ ತಿರುಗಿಸಿ ಹೇಳಲಿಲ್ಲ.

ಮತ್ತೆ ಸಾರಲು ಹೋದ ದಿನ ಇನ್ನೊಂದು ಪಾಠವಾಯಿತು. ಸೀದಾ ಓದಿದರೆ ಒಂದು ಬಾಗಿಲೂ ತೆಗೆಯಲಿಲ್ಲ. ಒಬ್ಬ ಮುದುಕ ಮಾತ್ರ ಹೊರಗೆ ಬಂದು, ಬಿಸಿಲು ನೋಡಿ ಒಳಗೆ ಹೋದ. ಹಳೆಯ ರಾಗ ನಾಲಿಗೆಯ ತುದಿಗೆ ಬಂದು ಕೂತಿತು. ನುಂಗಿಕೊಂಡು ಮನೆ ಮನೆ ತಟ್ಟಿದೆ. ಪ್ರತಿ ಹೊಸ್ತಿಲಲ್ಲೂ ಓದಿದೆ, ಓದಿ, "ಏನು ತಿಳಿಯಿತು ಹೇಳಿ" ಎಂದು ಕೇಳಿದೆ. ಕೆಲವರು ಬೈದರು, ಇಬ್ಬರು ಸರಿಯಾಗಿ ಹೇಳಿದರು. ಮಧ್ಯಾಹ್ನದ ಹೊತ್ತಿಗೆ ಗಂಟಲು ಕಟ್ಟಿತು. ಅವಳ ಬಾಗಿಲಿಗೆ ಬಂದಾಗ ಹೊಲಿಗೆ ಮೆಷಿನ್ನು ನಿಲ್ಲಿಸಿದಳು, ತಂಗಿಯನ್ನೂ ಕರೆದಳು, ಮೊದಲಿನಿಂದ ಕೊನೆಯ ತನಕ ಓದಿಸಿದಳು. ಕೊನೆಯ ದಿನಾಂಕವನ್ನು ಎರಡು ಸಲ ಹೇಳಿಸಿದಳು.

"ತಕರಾರಿನ ಅರ್ಜಿ ಕೊಡಿ ಅಮ್ಮಾ, ನಾನೇ ವಿಜಯವಾಡಕ್ಕೆ ಮುಟ್ಟಿಸುತ್ತೇನೆ" ಎಂದೆ.

"ಬೇಡ. ನಾನೇ ಹೋಗುತ್ತೇನೆ. ಅದರ ಮೇಲೆ ಮುದ್ರೆ ಬೀಳುವುದನ್ನು ನೋಡಬೇಕು."

ಮುದ್ರೆ ಬಿತ್ತು. ವಿಚಾರಣೆಯಾಯಿತು, ಸರ್ವೆಯವರು ಮತ್ತೆ ಬಂದು ಅಳೆದರು. ಅವಳ ತಳಪಾಯದ ಹತ್ತಿರ ಬಂದ ಕೊಳವೆ ರಸ್ತೆಯಂಚಿಗೆ ಸರಿದು ಮುಂದೆ ಹೋಗಿ ಮತ್ತೆ ತನ್ನ ದಾರಿಗೆ ಬರಬೇಕೆಂದು ಆದೇಶವಾಯಿತು. "ಒಂದ ಮನಿ ಸಲುವಾಗಿ ನಾಕು ಬೆಂಡು" ಎಂದು ಎಂಜಿನಿಯರು ನಕ್ಷೆ ಹಿಡಿದು ಗೊಣಗಿದರು. ಪಾಯಾ ಎನ್ನದೆ ಮನಿ ಎಂದದ್ದನ್ನು ನಾನು ಎತ್ತಿ ಆಡಲಿಲ್ಲ. ಅಷ್ಟರಲ್ಲಿ ಇಬ್ಬರಿಗೂ ಎಚ್ಚರಿಕೆಯ ಕಾಗದ ಬಂದಿತ್ತು. ಅವರ ಬಡ್ತಿ ಒಂದು ವರ್ಷ ಹಿಂದೆ ಹೋಯಿತು. ನನ್ನನ್ನು ಮೈಕಿನಿಂದ ತೆಗೆದು ಕಲ್ಲು ಹೊರಿಸುವ ಕೆಲಸಕ್ಕೆ ಹಾಕಿದರು.

ಅವಳ ನಿವೇಶನದ ಕಲ್ಲನ್ನು ಕಿತ್ತ ದಿನ ಗೋಡೆ ಸೊಂಟದ ತನಕ ಬಂದಿತ್ತು. ಕಿತ್ತ ಕುಣಿಗೆ ಮಣ್ಣು ತುಂಬಿ ತುಳಿದೆವು. ಅವಳು ನೋಟ್‌ಬುಕ್ಕಿನ ಒಂದು ಹಾಳೆ ಹರಿದು ನನ್ನ ಮುಂದೆ ಹಿಡಿದಳು. "ಕಲ್ಲು ತೆಗೆದಿದ್ದೇವೆ ಅಂತ ಬರೆದುಕೊಡು."

ಇಟ್ಟಿಗೆಯ ಮೇಲೆ ಹಾಳೆಯಿಟ್ಟು ಬರೆದೆ, ಸಹಿ ಹಾಕಿದೆ, ಓದಿ ಹೇಳಿದೆ. ಅವಳು ನನ್ನ ಓದನ್ನು ಪೂರ್ತಿ ಕೇಳಿ, ಹಾಳೆಯನ್ನು ಕಿತ್ತುಕೊಂಡು, ತುಟಿ ಅಲ್ಲಾಡಿಸುತ್ತ ತಾನೇ ಒಂದು ಸಲ ಓದಿಕೊಂಡಳು. ಆಮೇಲೆ ವಾಪಸು ಚಾಚಿದಳು.

"ತಾರೀಖು ಹಾಕಿಲ್ಲ."

ಹಾಕಿಕೊಟ್ಟೆ.