ದೌಲಪ್ಪನ ಅಳತೆಗೋಲು

ಫಸಲಿ ೧೩೩೩ರಲ್ಲಿ, ಅಂದರೆ ಇಂಗ್ಲಿಷರ ಲೆಕ್ಕದ ೧೯೨೪ರ ಆಸುಪಾಸಿನಲ್ಲಿ, ಕಮಲಾಪುರದ ದೌಲಪ್ಪ ಕಲಬುರಗಿಯ ಒಂದು ಹೈಸ್ಕೂಲಿಗೆ ಡ್ರಿಲ್ ಮಾಸ್ತರನಾಗಿ ಬಂದ. ನೌಕರಿ ಹಂಗಾಮಿ. ಊರಲ್ಲಿ ಅಪ್ಪನ ಕೆಂಪು ಬಾಳೆಯ ತೋಟವಿತ್ತು. ಅಲ್ಲಿ ನೀರು ಹಾಯಿಸುವುದೊಂದನ್ನು ಬಿಟ್ಟು ಜಗತ್ತಿನ ಯಾವ ಕೆಲಸಕ್ಕಾದರೂ ಅವನು ತಯಾರಿದ್ದ. ಹೆಡ್‌ಮಾಸ್ತರ ಹಣಮಂತರಾಯರು ಮೊದಲ ದಿನವೇ ಹೇಳಿಬಿಟ್ಟರು: "ಈ ವರ್ಷ ಫುಟ್‌ಬಾಲ್ ಕಪ್ ತಂದ್ರ ನಿನ್ನ ಕಾಯಂ ಮಾಡ್ರಿ ಅಂತ ಹೈದರಾಬಾದಿಗಿ ಬರೀತೀನಿ. ಇಲ್ಲಂದ್ರ ನಿಮ್ಮ ಬಾಳಿಗಿಡ ನಿನ್ನ ದಾರಿ ಕಾಯಾಕತ್ತಾವ."

ಆ ಕಪ್ ಗಿಡ್ಡ ಹುಡುಗರದು. ಯಾರಿಗೂ ಹುಟ್ಟಿದ ತಾರೀಖು ಗೊತ್ತಿರದ ಕಾಲ. ತಾಯಂದಿರನ್ನು ಕೇಳಿದರೆ "ಪ್ಲೇಗಿನ ಮರುವರ್ಷ" ಎನ್ನುತ್ತಿದ್ದರು. ಹಾಗಾಗಿ ವಯಸ್ಸಿನ ಬದಲು ಎತ್ತರವನ್ನೇ ನೋಡುತ್ತಿದ್ದರು. ಬರಿಗಾಲಲ್ಲಿ, ನಾಲ್ಕಡಿ ಹತ್ತಿಂಚು ಎತ್ತರದಲ್ಲಿ ಕೋಲಿಗೆ ಹೊಡೆದ ಅಡ್ಡಪಟ್ಟಿಗೆ ತಲೆ ತಾಗದಂತೆ ನಿಂತವನಿಗೆ ಮಾತ್ರ ಆಟ.

ತಂಡದ ಜೀವವೆಂದರೆ ಶಹಾಬಜಾರದ ಬಂದೇನವಾಜ್. ಚೆಂಡು ಸಾಕಿದ ಆಡಿನಮರಿಯಂತೆ ಅವನ ಕಾಲ ಹಿಂದೆಯೇ ಓಡುತ್ತಿತ್ತು. ಆದರೆ ಹುಡುಗ ಸೊರಗಿದ್ದ. ಆ ಪಕ್ಕೆಲುಬು ಕಂಡರೆ ದೌಲಪ್ಪನಿಗೆ ಒಂದೇ ಚಿಂತೆ: ಬಿದ್ದರೆ ಎಲ್ಲಿ ಮುರಿದೀತೋ, ಬೆವರಿನ ಮೇಲೆ ಗಾಳಿ ತಾಗಿದರೆ ಎಲ್ಲಿ ಜ್ವರ ಬಂದೀತೋ. ಶುಕ್ರವಾರದ ರಜೆಗೆ ಊರಿಗೆ ಹೋದಾಗಲೆಲ್ಲ ಒಂದು ಗೊನೆ ಕೆಂಪು ಬಾಳೆ ತಂದ. ಆಟ ಮುಗಿದೊಡನೆ ಹುಡುಗನನ್ನು ಎದುರಿಗೆ ಕೂರಿಸಿ ಮೂರು ಹಣ್ಣು ತಿನ್ನಿಸಿದ. ಮಾಸ್ತರನಿಗಿಂತ ತಾನೇನು ಕಡಿಮೆಯೆಂದು ತಾಯಿ ಅಮೀನಾ ಮನೆಯಲ್ಲಿ ಇನ್ನೊಂದು ರೊಟ್ಟಿ ಹೆಚ್ಚಿಗೆ ಬಡಿಸಿದಳು.

ನಾಲ್ಕು ತಿಂಗಳಾಯಿತು. ಪಂದ್ಯಕ್ಕೆ ವಾರವಿರುವಾಗ ದೌಲಪ್ಪ ಸಾಗವಾನಿಯ ಅಳತೆಗೋಲು ಮಾಡಿಸಿ ನೋಡಿದರೆ, ಹುಡುಗ ಅರ್ಧ ಬೆರಳು ಹೆಚ್ಚು. ಹೌಹಾರಿ ಶಹಾಬಜಾರಕ್ಕೆ ಓಡಿದ.

ಅಮೀನಾ ಬಾಗಿಲ ಪರದೆಯ ಹಿಂದಿನಿಂದಲೇ ಕೇಳಿದಳು: "ಹಣ್ಣು ತಿನಿಸಿದವ್ರು ನೀವು, ಮಾಸ್ತರ್ ಸಾಬ್. ಈಗ ಕೂಸು ಬೆಳದದ ಅಂತ ನನ್ನ ಮ್ಯಾಲ ಯಾಕ ಬರ್ತೀರಿ?"

"ಅಗಲಕ್ಕ ಬೆಳೀಲಿ ಅಂತ ತಿನಿಸಿದ್ನಿ, ಅಮೀನಾಬಿ. ಉದ್ದಕ್ಕ ಬೆಳೀತಾನಂತ ಯಾರಿಗಿ ಗೊತ್ತಿತ್ತು?"

"ಮೊಳಕಾಲು ಜರಾ ಸಡ್ಲ ಬಿಡು ಬೇಟಾ ಅಂತ ಹೇಳ್ತೀನಿ ತಗೋರಿ. ಪಾಯಿಜಾಮದಾಗ ಯಾರಿಗಿ ಕಾಣ್ತದ?"

ದೌಲಪ್ಪ ಚಪ್ಪಲಿ ಮೆಟ್ಟಿಕೊಂಡು ಬಂದ ದಾರಿ ಹಿಡಿದ.

ಪಂದ್ಯದ ದಿನ ಎಲ್ಲರ ಕೋಲುಗಳಿಗಿಂತ ಅವನದೇ ನೆಟ್ಟಗಿತ್ತು. ನೀವೇ ಅಳೀರಿ ಎಂದು ಉಳಿದ ಶಾಲೆಗಳವರು ಅವನ ಕೈಗೇ ಕೊಟ್ಟರು. ಬಂದೇನವಾಜ್ ಬಂದು ನಿಂತ. ಮೊಳಕಾಲು ಸಡಿಲ, ಹೆಗಲು ಜೋಲು, ಮೇಲೆ ಎರಡು ಬೆರಳು ಜಾಗ. ದೌಲಪ್ಪ ಉಸಿರು ಬಿಟ್ಟ. ಆದರೆ ಕಣ್ಣೆದುರು, ಅದೂ ಸಾಲಿನಲ್ಲಿ, ಬೆನ್ನು ಗೂನಿಸಿ ನಿಂತ ತನ್ನದೇ ಹುಡುಗ. ದಿನಾ ಬೆಳಿಗ್ಗೆ ಡ್ರಿಲ್ಲಿನಲ್ಲಿ ನೆಟ್ಟಗೆ ನಿಲ್ಲುವ ಹುಕುಂ ನೂರು ಸಲ ಕೂಗಿದ ಬಾಯಿ ಮನಸ್ಸನ್ನು ಕೇಳಲಿಲ್ಲ.

"ಹೋಶಿಯಾರ್."

ಹಿಮ್ಮಡಿಗಳು ಕೂಡಿದವು, ಎದೆ ಸೆಟೆಯಿತು, ತಲೆ ಪಟ್ಟಿಗೆ ಟಕ್ಕೆಂದು ಬಡಿಯಿತು.

ಎಲ್ಲರೂ ದೌಲಪ್ಪನ ಮುಖ ನೋಡಿದರು. "ಇವ ಹೊರಗ," ಎಂದ ಅವನು, ಬೇರೆ ಯಾರದೋ ದನಿಯಲ್ಲಿ.

ಎರಡು ಗೋಲಿನಿಂದ ಸೋತರು. ಮರುದಿನ ಹಣಮಂತರಾಯರು ಕರೆಸಿದಾಗ ದೌಲಪ್ಪ ಹಾಸಿಗೆ ಸುತ್ತಿಟ್ಟೇ ಹೋದ.

"ಮೂರು ಸಾಲಿಯಿಂದ ಚಿಟ್ಟಿ ಬಂದಾವ," ಎಂದರು ರಾಯರು. "ಸ್ವಂತ ಹುಡುಗನ್ನೇ ಹೊರಗ ಹಾಕಿದ ಮನಶ್ಯಾ, ಮುಂದಿನ ವರ್ಷನೂ ಕೋಲು ಅವನ ಕೈಯಾಗೇ ಇರಬೇಕಂತ. ನೀ ಊರಿಗಿ ಹೋದ್ರ ಹೆಂಗ? ಹೈದರಾಬಾದಿಗಿ ಬರದೀನಿ."

"ಸಾಹೇಬ್ರ, ಖರೇ ಹೇಳ್ತೀನಿ, ಅದು ಬಾಯಿ ತಪ್ಪಿ..."

"ನನಗ ಗೊತ್ತದ. ಬಾಯಿ ಮುಚ್ಚು, ಹಾಸಿಗಿ ಬಿಚ್ಚು."

ಮುಂದೆ ಇಪ್ಪತ್ತೆರಡು ವರ್ಷ ಜಿಲ್ಲೆಯ ಶಾಲೆಗಳ ಆಟೋಟಗಳೆಲ್ಲ ದೌಲಪ್ಪನ ಕೈಯಲ್ಲೇ ನಡೆದವು. ಅಳೆಯುವ ಹೊತ್ತಿನಲ್ಲಿ ಮಾತ್ರ ಅವನು ಹಲ್ಲಿನ ನಡುವೆ ಎರಡು ಲವಂಗ ಕಚ್ಚಿಕೊಂಡು ನಿಲ್ಲುತ್ತಿದ್ದ. ಕಮಲಾಪುರದ ಬಾಳೆಗೊನೆ ಆಗಲೂ ಬರುತ್ತಿತ್ತು, ಆದರೆ ಕೊನೆಯ ಹುಡುಗನ ಅಳತೆ ಮುಗಿಯುವವರೆಗೆ ಟಾಂಗಾದಿಂದ ಇಳಿಯುತ್ತಿರಲಿಲ್ಲ.